ನೋಯದ ಕಣ್ಣಿನ ಊತ

ಇಷ್ಟಲಿಂಗವನ್ನು ಕರತಲದಲ್ಲಿರಿಸಿ ಎವೆಯಿಕ್ಕದೆ ನೋಡುವ ಸಾಧಕನಿಗೆ ಕಣ್ಣೇ ಪೂಜೆಯ ಮೊದಲ ಸಾಧನ. ಆದುದರಿಂದ ಅದರ ಆರೈಕೆಯೂ ಧರ್ಮಾಚರಣೆಯ ಭಾಗವೆಂದೇ ನಾವು ಭಾವಿಸುತ್ತೇವೆ. ಕಣ್ಣು ನೊಂದರೆ ಮನೆಮಂದಿಯೆಲ್ಲ ಧಾವಿಸುತ್ತಾರೆ. ನೋಯದೆ ಊದಿಕೊಂಡರೆ ಕೇಳುವವರಿಲ್ಲ. ನಾವು ವೈದ್ಯರಲ್ಲ, ಆದರೂ ವೈದ್ಯಗ್ರಂಥಗಳಿಂದ ಅರಿತುದನ್ನು ಗೃಹಸ್ಥರ ಹಿತಕ್ಕಾಗಿ ಇಲ್ಲಿ ನಿವೇದಿಸುತ್ತಿದ್ದೇವೆ.

ರಕ್ತದ ಬಿಳಿಯ ಕಣಗಳಲ್ಲಿ ಲಿಂಫೋಸೈಟ್ ಎಂಬುದೊಂದು ಬಗೆ. ರೋಗಗಳಿಂದ ದೇಹವನ್ನು ಕಾಯುವುದೇ ಅವುಗಳ ಕಾಯಕ. ಕಾವಲುಗಾರನೇ ಹದ್ದುಮೀರಿದಂತೆ ಅವು ಅಂಕೆಯಿಲ್ಲದೆ ಬೆಳೆದರೆ ಅದು ಲಿಂಫೋಮಾ ಎಂಬ ಕ್ಯಾನ್ಸರ್. 1832ರಲ್ಲಿ ಲಂಡನ್ನಿನ ಥಾಮಸ್ ಹಾಜ್‌ಕಿನ್ ದುಗ್ಧಗ್ರಂಥಿಗಳಲ್ಲಿ ಇದರ ಒಂದು ಬಗೆಯನ್ನು ವರ್ಣಿಸಿದರು. 1983ರಲ್ಲಿ ಐಸಾಕ್ಸನ್ ಮತ್ತು ರೈಟ್ ಎಂಬ ವಿದ್ವಾಂಸರು ಆ ಗ್ರಂಥಿಗಳ ಹೊರಗೆ ನಿಧಾನವಾಗಿ ಬೆಳೆಯುವ ಇನ್ನೊಂದು ಬಗೆಯನ್ನು ಗುರುತಿಸಿದರು. ಕಣ್ಣಿನ ಸುತ್ತ ಹೆಚ್ಚಾಗಿ ಕಾಣುವುದು ಇದೇ. ಅದೂ ಬಹುಮಟ್ಟಿಗೆ ಹಿರಿಯರಲ್ಲಿ.

ಕೆಳರೆಪ್ಪೆಯನ್ನು ಎಳೆದು ನೋಡಿದರೆ ನಸುಗೆಂಪು ಬಣ್ಣದ ಮೆತ್ತನೆಯ ದಪ್ಪ ಪೊರೆ, ರೆಪ್ಪೆಯಲ್ಲಿ ಗಂಟು, ಮೇಲ್‌ರೆಪ್ಪೆಯ ಹೊರಬದಿಯ ಊತ, ಒಂದು ಕಣ್ಣುಗುಡ್ಡೆ ಮುಂದಕ್ಕೆ ಬಂದಿರುವುದು, ಒಂದು ವಸ್ತು ಎರಡಾಗಿ ತೋರುವುದು: ಇವು ಲಕ್ಷಣಗಳು. ಕಣ್ಣುಬೇನೆಯೆಂದು ಅಂಗಡಿಯಿಂದ ತಂದ ಸ್ಟಿರಾಯ್ಡ್ ಹನಿಯನ್ನು ಹಾಕಿದರೆ ಊತ ಕೆಲಕಾಲ ಇಳಿದೀತು. ಆದರೆ ರೋಗ ಮರೆಯಾಗಿ ನಿಂತು ಮುಂದಿನ ಪರೀಕ್ಷೆಯೂ ಕೆಡಬಹುದು.

ನಿಶ್ಚಯಕ್ಕೆ ದಾರಿ ಬಯಾಪ್ಸಿ. ಊತದಿಂದ ತೆಗೆದ ಚಿಕ್ಕ ತುಣುಕನ್ನು ವಿಶೇಷ ಬಣ್ಣಗಳಿಂದ ಪರೀಕ್ಷಿಸಿ ಕಣಗಳ ಜಾತಿಯನ್ನು ನಿರ್ಣಯಿಸುತ್ತಾರೆ. ಕತ್ತಿ ತಾಗಿದರೆ ಈ ರೋಗ ಹರಡುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಬಳಿಕ ಸ್ಕ್ಯಾನ್ ಮೂಲಕ ಇನ್ನೊಂದು ಕಣ್ಣನ್ನೂ ಉಳಿದ ದೇಹವನ್ನೂ ನೋಡುತ್ತಾರೆ.

ಇಲ್ಲಿ ನಮ್ಮವರಲ್ಲಿ ಒಂದು ಸಂದೇಹ ಏಳುವುದುಂಟು. ಎಂ.ಆರ್.ಐ. ಕೊಠಡಿಯೊಳಕ್ಕೆ ಲೋಹ ಸಲ್ಲದಾದ್ದರಿಂದ ಕರಡಿಗೆಯನ್ನು ತೆಗೆದಿರಿಸಬೇಕು. ಅಂಗದಿಂದ ಲಿಂಗವನ್ನು ಅಗಲಿಸಬಾರದೆಂದು ಪರೀಕ್ಷೆಯನ್ನೇ ತೊರೆಯುವುದು ಉಚಿತವಲ್ಲ. ಲಿಂಗವನ್ನು ಶುಭ್ರವಸ್ತ್ರದಲ್ಲಿರಿಸಿ ಮನೆಯವರ ಕೈಗಿತ್ತು, ಅಷ್ಟು ಹೊತ್ತು ಮನದಲ್ಲಿ ಷಡಕ್ಷರಿಯನ್ನು ಜಪಿಸಿದರೆ ವ್ರತಭಂಗವಾಗದು. ಪ್ರಾಣಲಿಂಗದ ಸಂಬಂಧ ಬರಿಯ ಶಿವದಾರದಿಂದ ಕಟ್ಟಿದುದಲ್ಲ.

ಕಣ್ಣಿಗಷ್ಟೇ ಸೀಮಿತವಾದ ನಿಧಾನಗತಿಯ ಲಿಂಫೋಮಾ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆಗೆ ಮಣಿಯುತ್ತದೆ. ಆಮೇಲೂ ವರ್ಷಗಟ್ಟಲೆ ತಪಾಸಣೆ ಬೇಕು. ಹಿರಿಯರು ಮಕ್ಕಳಿಗೆ ಹೊರೆಯಾಗಬಾರದೆಂದು ಬಾಯಿಬಿಡದಿರುವುದುಂಟು. ಕಿರಿಯರು ಆಗಾಗ ಅವರ ಮುಖವನ್ನು ಹಗಲಿನ ಬೆಳಕಿನಲ್ಲಿ ನೋಡಲಿ. ವ್ಯತ್ಯಾಸ ಕಂಡರೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಲಿ.