ನಮ್ಮ ರಸ್ತೆಯ ಮೇಲೆ ಪಿಎಚ್‌ಡಿ ಆಗಲಿ

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ಈ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚಿನವರು ದ್ವಿಚಕ್ರ ಸವಾರರು, ಪಾದಚಾರಿಗಳು. ಅಪಾಯ ಕಂಡೊಡನೆ ತಾನೇ ಬ್ರೇಕ್ ಹಾಕುವ ಕಾರು ಮೊದಲು ಇವರನ್ನು ಗುರುತಿಸಲು ರಸ್ತೆಯ ಚಿತ್ರಗಳಿಂದ ಕಲಿಯಬೇಕು. ಆದರೆ ಸಂಶೋಧಕರು ಬಹುವಾಗಿ ನೆಚ್ಚಿಕೊಂಡ, 2016ರ ‘ಸಿಟಿಸ್ಕೇಪ್ಸ್’ ಚಿತ್ರಸಂಗ್ರಹ ಹೆಚ್ಚುಕಡಿಮೆ ಜರ್ಮನಿಯ ನಗರಗಳದ್ದೇ. ಆ ಸಂಗ್ರಹದಲ್ಲಿ ಆಟೊರಿಕ್ಷಾ ಎಂಬ ವರ್ಗವೇ ಇಲ್ಲ. ಈ ಕೊರತೆ ಕಂಡ ಹೈದರಾಬಾದಿನ ಟ್ರಿಪಲ್ ಐಟಿಯ ಸಂಶೋಧಕರು ಹೈದರಾಬಾದ್, ಬೆಂಗಳೂರಿನ ರಸ್ತೆಗಳಲ್ಲಿ ಕ್ಯಾಮೆರಾ ಕಟ್ಟಿದ ಕಾರು ಓಡಿಸಿ ಸುಮಾರು 10,000 ಚಿತ್ರಗಳನ್ನು ವಿಂಗಡಿಸಿದರು. ಆಟೊ, ದನಕರು, ಡಾಂಬರಿನಾಚೆ ವಾಹನ ಇಳಿಸಬಹುದಾದ ಮಣ್ಣಿನಂಚು, ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. ಇದು ತಾಳ್ಮೆಯ ಕೆಲಸ. ಪಿಎಚ್‌ಡಿ ಇರುವುದೇ ಇಂಥದ್ದಕ್ಕೆ.

ಬೆಂಗಳೂರಿನಲ್ಲಿ ಬಾಷ್, ಮರ್ಸಿಡಿಸ್ ಬೆಂಜ್‌ನಂಥ ಕಂಪನಿಗಳ ಸಂಶೋಧನಾ ಕೇಂದ್ರಗಳಿರುವಾಗ ವಿಶ್ವವಿದ್ಯಾಲಯ ಯಾಕೆ ಎಂದು ಕೇಳಬಹುದು. ಕಂಪನಿ ತನ್ನ ಕಾರು ಕೊಳ್ಳುವವರಿಗಾಗಿ ದುಡಿಯುತ್ತದೆ, ಅದು ತಪ್ಪಲ್ಲ. ಆದರೆ ಸಾಯುತ್ತಿರುವವರಲ್ಲಿ ಹೆಚ್ಚಿನವರು ಕಾರಿನ ಹೊರಗಿದ್ದಾರೆ. ಅವರ ಪರವಾದ ಪ್ರಶ್ನೆಯನ್ನು ಐದು ವರ್ಷ ಹಿಡಿದು ಕೂತು, ಉತ್ತರವನ್ನು ಎಲ್ಲರಿಗೂ ತೆರೆದಿಡುವ ಸ್ವಾತಂತ್ರ್ಯ ಹೆಚ್ಚಾಗಿ ಸಾರ್ವಜನಿಕ ಹಣದ ಸಂಶೋಧನೆಗೇ ಇರುತ್ತದೆ. ಸಂಬಳ ಬಿಟ್ಟು ಯಾರು ಬರುತ್ತಾರೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2023ರ ಪರಿಷ್ಕರಣೆಯ ನಂತರವೂ ಕಿರಿಯ ಸಂಶೋಧಕರ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ. ಸಾಫ್ಟ್‌ವೇರ್ ಬಲ್ಲ ಎಂಜಿನಿಯರನ್ನು ಬೆಂಗಳೂರಿನಲ್ಲಿ ಹಿಡಿದಿಡಲು ಇದು ಸಾಲದು. ರಾಜ್ಯ ಸರ್ಕಾರ ಬೈಕ್ ಸವಾರರ, ಪಾದಚಾರಿಗಳ ಸುರಕ್ಷತೆಗೆಂದೇ ಪಿಎಚ್‌ಡಿ ಸೀಟುಗಳನ್ನು ತೆರೆದು, ಶಿಷ್ಯವೇತನಕ್ಕೆ ತನ್ನ ಪಾಲು ಸೇರಿಸಲಿ. ಪೊಲೀಸರ ಬಳಿಯಿರುವ ಅಪಘಾತದ ವಿವರಗಳನ್ನು, ಹೆಸರು ತೆಗೆದು, ಆ ವಿದ್ಯಾರ್ಥಿಗಳ ಕೈಗೆ ಕೊಡಲಿ.