ಪ್ರಥಮ ಚಿಕಿತ್ಸೆ: ಪೆಟ್ಟಿಗೆಯೊಂದಿದ್ದರೆ ಸಾಲದು

ಕೆಲವು ವರ್ಷಗಳ ಹಿಂದೆ, ವಿಜಯವಾಡದ ಸಮೀಪದ ಕಾಲೇಜೊಂದರಲ್ಲಿ ಓದುತ್ತಿದ್ದ ನನ್ನ ತಂಗಿಯ ಮಗನನ್ನು ನೋಡಲು ಹೋಗಿದ್ದೆ. ಅಂದು ಅಲ್ಲಿ ಕ್ರೀಡಾಕೂಟ. ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಜವಾಡವನ್ನು ‘ಬ್ಲೇಜ್‌ವಾಡ’ ಎಂದು ಹಾಸ್ಯ ಮಾಡುವುದು ಏಕೆಂದು ಆ ಬಿಸಿಲಿನಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ. ದೂರದ ಓಟದಲ್ಲಿದ್ದ ಹುಡುಗನೊಬ್ಬ ತಡವರಿಸಿ, ಏನೇನೋ ತೊದಲಿ, ಕುಸಿದುಬಿದ್ದನು. ಮೈ ಕೆಂಡದಂತೆ ಸುಡುತ್ತಿತ್ತು. ಜನ ಸುತ್ತುವರಿದರು. ಒಬ್ಬನು ಅವನ ಕೈಯಲ್ಲಿ ಬೀಗದ ಕೈ ಹಿಡಿಸಿದನು, ಇನ್ನೊಬ್ಬನು ಬಾಯಿಗೆ ಸೋಡಾ ಹುಯ್ಯಲು ಬಂದನು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೇನೋ ಇತ್ತು. ಅದರ ಬೀಗದ ಕೈ ವ್ಯಾಯಾಮ ಶಿಕ್ಷಕರ ಬಳಿಯಿತ್ತು. ಶಿಕ್ಷಕರು ಊಟಕ್ಕೆ ಹೋಗಿದ್ದರು.

ಹುಡುಗನನ್ನು ನೆರಳಿಗೆ ಎಳೆಸಿ, ಅಂಗಿ ಬಿಚ್ಚಿಸಿ, ಬಕೆಟ್ಟುಗಟ್ಟಲೆ ನೀರು ಸುರಿಸಿ, ಕ್ಯಾಂಟೀನಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗಳಿಗೆ ಇರಿಸಿದವರು ಹಾಸ್ಟೆಲಿನ ಅಡುಗೆಯಾಕೆ. ಆಕೆ ಹಿಂದೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದರಂತೆ. ಹುಡುಗ ಬದುಕಿದನು.

ಅಂದು ಪೆಟ್ಟಿಗೆ ತೆರೆದಿದ್ದರೂ ಹೆಚ್ಚಿನ ಪ್ರಯೋಜನವಾಗುತ್ತಿರಲಿಲ್ಲವೆಂಬುದು ನನ್ನ ಅಭಿಪ್ರಾಯ. ಹತ್ತಿ, ಪಟ್ಟಿ, ಅಯೋಡಿನ್ನುಗಳಿಂದ ಬಿಸಿಲಾಘಾತ ಇಳಿಯದು. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ ಬುದ್ಧಿ ಕದಡಿದಾಗ, ಆಂಬ್ಯುಲೆನ್ಸಿಗೆ ಹೇಳಿಕಳಿಸಿ, ಅದು ಬರುವವರೆಗೂ ಮೈಯನ್ನು ತಂಪುಮಾಡುತ್ತಲೇ ಇರಬೇಕು. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ ಹಾಕಕೂಡದು. ಜ್ವರದ ಮಾತ್ರೆ ಇಲ್ಲಿ ನಿರುಪಯುಕ್ತ.

ವಿಶಾಖಪಟ್ಟಣದಲ್ಲಿರುವ ನಮಗೆ ಒಂದು ಸಮಾಧಾನವುಂಟು: 1923ರಲ್ಲಿ ಆರಂಭವಾದ ಆಂಧ್ರ ವೈದ್ಯಕೀಯ ಕಾಲೇಜು ಇಲ್ಲಿದೆ, ಕಿಂಗ್ ಜಾರ್ಜ್ ಆಸ್ಪತ್ರೆಯಿದೆ. ಆದರೆ ಹೃದಯ ನಿಂತ ನಾಲ್ಕೈದು ನಿಮಿಷಗಳಲ್ಲಿಯೇ ಮಿದುಳು ಹಾಳಾಗತೊಡಗುತ್ತದೆ. ಆ ನಿಮಿಷಗಳು ವೈದ್ಯರವಲ್ಲ, ಪಕ್ಕದಲ್ಲಿ ನಿಂತವರವು. ಬರಿಯ ಕೈಗಳಿಂದ ಎದೆಯೊತ್ತಿ ರಕ್ತಸಂಚಾರ ಉಳಿಸಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್ ಮತ್ತು ಅವರ ಸಂಗಡಿಗರು 1960ರಲ್ಲಿಯೇ ಪ್ರಕಟಿಸಿದರು. ಎಚ್ಚರವಿಲ್ಲ, ಸಹಜವಾದ ಉಸಿರಿಲ್ಲ ಎಂದಾದರೆ ಎದೆಯ ನಡುವೆ ಅಂಗೈಯೂರಿ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ರಜೆ ಬಂದರೆ ವಿದ್ಯಾರ್ಥಿಗಳು ಸಮುದ್ರಕ್ಕಿಳಿಯುವ ಊರು ನಮ್ಮದು. ಮುಳುಗಿದವನಿಗೆ ಬಾಯಿಯಿಂದ ಉಸಿರು ಕೊಡುವುದೂ ಅಷ್ಟೇ ಮುಖ್ಯ, ಹೊಟ್ಟೆಯೊತ್ತಿ ನೀರು ತೆಗೆಯಹೋಗುವುದು ತಪ್ಪು. ಆದರೆ ಇದನ್ನೆಲ್ಲ ಓದಿ ಕಲಿಯಲಾಗದು. ಬೊಂಬೆಯ ಮೇಲೆ ಕೈಯಾರೆ ಅಭ್ಯಾಸ ಮಾಡಬೇಕು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕುಂಟು. 108ರ ಸೇವೆ ಆಂಧ್ರದಲ್ಲಿ 2005ರಲ್ಲಿಯೂ ಕರ್ನಾಟಕದಲ್ಲಿ 2008ರಲ್ಲಿಯೂ ಆರಂಭವಾಯಿತು. ಸಂಖ್ಯೆ ಒಂದೇ, ಮಾತು ಬೇರೆ. ಊರಿನಿಂದ ಹೊಸದಾಗಿ ಬಂದ ಹುಡುಗನು ಗಾಬರಿಯಲ್ಲಿ “ಪ್ರಜ್ಞೆ ಇಲ್ಲ” ಎಂದರೆ, ತೆಲುಗರ ಕಿವಿಗೆ ಗೆಳೆಯನಿಗೆ ಪ್ರತಿಭೆಯಿಲ್ಲವೆಂದು ದೂರಿದಂತಾಗುತ್ತದೆ! ಮೂರ್ಛೆಯೆಂದರೆ ಅಪಸ್ಮಾರವೆಂದು ತಿಳಿಯಬಹುದು. ತೆಲುಗಿನಲ್ಲಿ “ಸ್ಪೃಹ ಲೇದು” ಎನ್ನಬೇಕು. ನಮ್ಮಲ್ಲಿ ಸ್ಪೃಹೆಯೆಂದರೆ ಆಸೆ. ಉಸಿರು ನಿಂತಿದ್ದರೆ “ಊಪಿರಿ ಆಡಟಂ ಲೇದು.” ಈ ಎರಡು ವಾಕ್ಯಗಳೂ ತನ್ನ ಹಾಸ್ಟೆಲಿನ ಪೂರ್ಣ ವಿಳಾಸವೂ, ಯಾವ ಗೇಟಿನಿಂದ ಬರಬೇಕೆಂಬುದೂ ಅವನಿಗೆ ಬಾಯಿಪಾಠವಾಗಿರಬೇಕು.

ಕಾಲೇಜುಗಳು ವರ್ಷಕ್ಕೊಮ್ಮೆ ಭಾಷಣವೇರ್ಪಡಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ರಾತ್ರಿ ಎರಡು ಗಂಟೆಗೆ ಆವರಣದಲ್ಲಿರುವವರು ಪ್ರಾಂಶುಪಾಲರಲ್ಲ. ಕಾವಲುಗಾರ, ವಾರ್ಡನ್, ಅಡುಗೆಯವರು, ಜೊತೆಯ ಹುಡುಗರು. ತರಬೇತಿ ಮೊದಲು ಅವರಿಗೆ ದೊರೆಯಲಿ. ಪೆಟ್ಟಿಗೆಗೆ ಬೀಗವೇ ಬೇಡ. ಹತ್ತಿ ಕಳುವಾದರೆ ಮತ್ತೆ ಕೊಳ್ಳಬಹುದು.

ಸಂಘದ ಕಾರ್ಯಕಾರಿ ಸಮಿತಿಗೂ ಒಂದು ಬಿನ್ನಹ. ಬರುವ ರಾಜ್ಯೋತ್ಸವದಂದು ಸಂಗೀತ, ನಾಟಕಗಳ ಮುನ್ನ ಎರಡು ಗಂಟೆ ಮೀಸಲಿಡಿ. ನಮ್ಮ ಸದಸ್ಯರಲ್ಲಿಯೇ ವೈದ್ಯರಿದ್ದಾರೆ. ಅವರು ಒಪ್ಪಿದರೆ ಅಭ್ಯಾಸದ ಬೊಂಬೆಯೊಂದರ ವೆಚ್ಚವನ್ನು ನಾನು ಭರಿಸುತ್ತೇನೆ.