ಹಳೆಯ ಫ್ಲ್ಯಾಷ್, ಹೊಸ ಕ್ಯಾಮೆರಾ: ಎಸೆಯುವ ಮುನ್ನ, ಏರಿಸುವ ಮುನ್ನ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳೆಯ ಸ್ಟುಡಿಯೋಗಳ ಕಪಾಟುಗಳಲ್ಲಿ ರೀಲ್ ಕ್ಯಾಮೆರಾ ಕಾಲದ ಫ್ಲ್ಯಾಷ್‌ಗಳು ಧೂಳು ಹಿಡಿದು ಕುಳಿತಿವೆ. ಇತ್ತ ನಮ್ಮ ತರುಣರು ಸಾಲ ಮಾಡಿ, ಯಾರೋ ಬಳಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡು, ಮದುವೆ, ಕುಬುಸ, ಜಾತ್ರೆಗಳ ಚಿತ್ರ ತೆಗೆದು ಬದುಕು ಕಟ್ಟಿಕೊಳ್ಳಲು ಹೊರಟಿದ್ದಾರೆ. ಆ ಹಳೆಯದು ಈ ಹೊಸದಕ್ಕೆ ಒದಗೀತೇ ಎಂದು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ: "ಗುಜರಿಗೆ ಹಾಕಿ" ಎಂಬುದೊಂದು, "ಏನೂ ಆಗುವುದಿಲ್ಲ, ಹಾಕಿ ನೋಡಿ" ಎಂಬುದಿನ್ನೊಂದು. ಎರಡನ್ನೂ ನಾನು ಒಪ್ಪಲಾರೆ. ಅಳೆದು ನೋಡಿ, ಅರಿತು ಬಳಸಿ ಎಂಬುದು ನನ್ನ ನಿಲುವು.

ಅಪಾಯವಿರುವುದು ಫ್ಲ್ಯಾಷನ್ನು ಹೊತ್ತಿಸುವ ಟ್ರಿಗರ್ ವೋಲ್ಟೇಜಿನಲ್ಲಿ. ಹಳೆಯ ಕ್ಯಾಮೆರಾಗಳಲ್ಲಿ ಎರಡು ಲೋಹದ ತುಣುಕುಗಳು ಕೂಡಿದರೆ ಫ್ಲ್ಯಾಷ್ ಬೆಳಗುತ್ತಿತ್ತು. ಅಲ್ಲಿ ನೂರಾರು ವೋಲ್ಟ್ ಇದ್ದರೂ ನಡೆಯುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಆ ಕೆಲಸವನ್ನು ಸೂಕ್ಷ್ಮ ಎಲೆಕ್ಟ್ರಾನಿಕ್ ಭಾಗಗಳು ಮಾಡುತ್ತವೆ. ಐಎಸ್‌ಒ 10330 ಮಾನದಂಡ ಹೇಳುವ ಮಿತಿ 24 ವೋಲ್ಟ್. ಜನಪ್ರಿಯವಾಗಿದ್ದ ವಿವಿಟಾರ್ 283ರ ಆರಂಭದ ಕೆಲವು ಫ್ಲ್ಯಾಷ್‌ಗಳಲ್ಲಿ 200 ವೋಲ್ಟಿಗೂ ಮಿಕ್ಕಿ ಇರುತ್ತದೆ. ನಿಕಾನ್ ಡಿಎಸ್‌ಎಲ್‌ಆರ್ ಕೈಪಿಡಿಗಳು 250 ವೋಲ್ಟ್ ಮೀರಬಾರದು ಎನ್ನುತ್ತವೆ. ಕ್ಯಾನನ್‌ನ ಆರಂಭದ ಕೆಲವು ಡಿಎಸ್‌ಎಲ್‌ಆರ್‌ಗಳಿಗೆ 6 ವೋಲ್ಟೇ ಮಿತಿ. ಆದ್ದರಿಂದ ನಿಮ್ಮ ಕ್ಯಾಮೆರಾದ ಕೈಪಿಡಿಯನ್ನು ಮೊದಲು ಓದಿರಿ.

ಅಳೆಯುವುದು ಸುಲಭ. ಫ್ಲ್ಯಾಷ್‌ಗೆ ಹೊಸ ಸೆಲ್ ಹಾಕಿ, ಸಿದ್ಧವೆಂದು ತೋರುವ ದೀಪ ಹೊತ್ತಿದ ಮೇಲೆ, ಡಿಜಿಟಲ್ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ. ಕೆಂಪು ತಂತಿಯನ್ನು ಫ್ಲ್ಯಾಷ್ ಪಾದದ ನಡುವಿನ ಬಿಂದುವಿಗೂ ಕಪ್ಪು ತಂತಿಯನ್ನು ಅಂಚಿನ ಲೋಹಕ್ಕೂ ತಾಗಿಸಿ. ಅಂಕಿ ಮಿತಿ ದಾಟಿದರೆ, ಇಲ್ಲವೇ ಮೈನಸ್ ಚಿಹ್ನೆ ಕಂಡರೆ, ಆ ಫ್ಲ್ಯಾಷನ್ನು ಕ್ಯಾಮೆರಾದ ಮೇಲೆ ಏರಿಸಬೇಡಿ. ಕುತೂಹಲಕ್ಕೆಂದು ಅದನ್ನು ಬಿಚ್ಚಲೂ ಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು. ಇನ್ನೊಂದು ಮಾತು: ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳಲ್ಲಿ ನಡುವಿನ ಸಂಪರ್ಕಬಿಂದುವೇ ಇಲ್ಲ. ಅವುಗಳ ಮೇಲೆ ಹಳೆಯ ಫ್ಲ್ಯಾಷ್ ಬೆಳಗುವುದೇ ಇಲ್ಲ. ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳಿ.

ಪರೀಕ್ಷೆಯಲ್ಲಿ ಗೆದ್ದ ಫ್ಲ್ಯಾಷ್ ಒಳ್ಳೆಯ ಗುರು. ರೀಲಿನ ಮೇಲಿಂದ ಮರಳುವ ಬೆಳಕನ್ನು ಅಳೆಯುತ್ತಿದ್ದ ಹಳೆಯ ಟಿಟಿಎಲ್ ವ್ಯವಸ್ಥೆ ಡಿಜಿಟಲ್ ಕ್ಯಾಮೆರಾದೊಡನೆ ಹೊಂದುವುದಿಲ್ಲ. ಲೆಕ್ಕ ನೀವೇ ಹಾಕಬೇಕು. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್. ಐಎಸ್‌ಒ 100ರಲ್ಲಿ ಗೈಡ್ ನಂಬರ್ 28 ಇದ್ದರೆ, 5 ಮೀಟರಿಗೆ ಎಫ್ 5.6. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲು. ತರಗತಿಯಲ್ಲಿ ಕಲಿತ ವಿಲೋಮ ವರ್ಗ ನಿಯಮವೇ ಇದು! ಐಎಸ್‌ಒ 400ಕ್ಕೆ ಏರಿಸಿದರೆ ಅದೇ ಎಫ್ 5.6ರಲ್ಲಿ 10 ಮೀಟರ್ ದೂರದವರನ್ನೂ ಬೆಳಗಬಹುದು. ಷಟರ್ ವೇಗ ಮಾತ್ರ ಕ್ಯಾಮೆರಾದ ಸಿಂಕ್ ಮಿತಿಯೊಳಗಿರಲಿ. ಅದು ಸಾಮಾನ್ಯವಾಗಿ ಸೆಕೆಂಡಿನ 200ನೆಯ ಒಂದು ಭಾಗದ ಆಸುಪಾಸು. ಮೀರಿದರೆ ಚಿತ್ರದ ಒಂದಂಚು ಕಪ್ಪಾಗುತ್ತದೆ.

ನನ್ನ ದೃಷ್ಟಿಯಲ್ಲಿ ಹಳೆಯ ಫ್ಲ್ಯಾಷಿನ ನಿಜವಾದ ಸ್ಥಾನ ಕ್ಯಾಮೆರಾದ ನೆತ್ತಿಯಲ್ಲ, ಅದರ ಪಕ್ಕ. ರೇಡಿಯೋ ಟ್ರಿಗರ್ ಬಳಸಿ ದೂರದಿಂದ ಬೆಳಗಿಸಿದರೆ ಕ್ಯಾಮೆರಾಗೂ ಕ್ಷೇಮ. ಆದರೆ ಟ್ರಿಗರಿನ ರಿಸೀವರಿಗೂ ವೋಲ್ಟೇಜ್ ಮಿತಿಯುಂಟು, ಅದನ್ನೂ ಓದಿರಿ. ನಮ್ಮ ಕೊಪ್ಪಳದ ಗವಿಮಠದ ಅಶೋಕ ಶಾಸನ 1931ರಲ್ಲಿ ಬೆಳಕಿಗೆ ಬಂತು. ಅಂತಹ ಬಂಡೆಯ ಬ್ರಾಹ್ಮೀ ಅಕ್ಷರಗಳಿಗೆ ಎದುರಿನಿಂದ ಬೆಳಕು ಚೆಲ್ಲಿದರೆ ಎಲ್ಲವೂ ಸಪಾಟಾಗಿ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ಚೆಲ್ಲಿದರೆ ಗೆರೆಗಳ ನೆರಳು ಮೂಡಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಸುಣ್ಣ, ಸೀಮೆಸುಣ್ಣ ಬಳಿದು ಶಾಸನ ಕೆಡಿಸುವ ಪಾಪಕ್ಕೆ ಆಸ್ಪದವೇ ಇಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯದ (1112) ನುಣುಪಾದ ಕಂಬಗಳ ಮೇಲೂ ಎದುರಿನ ಫ್ಲ್ಯಾಷ್ ಬರಿಯ ಹೊಳಪಷ್ಟೇ. ಇವು ಸಂರಕ್ಷಿತ ಸ್ಮಾರಕಗಳು. ಅಲ್ಲಿ ಫ್ಲ್ಯಾಷ್ ಬಳಸುವ ಮುನ್ನ ಅನುಮತಿ ಪಡೆಯುವುದು ನಮ್ಮ ಧರ್ಮ.

ಊರಿನ ಬಡ ಛಾಯಾಗ್ರಾಹಕನಿಗೆ ಕ್ಯಾಮೆರಾ ಎಂದರೆ ಮನೆಯ ಎತ್ತಿದ್ದಂತೆ. ಹತ್ತು ನಿಮಿಷದ ಅಳತೆಗೆ ಬೇಸರಪಟ್ಟು ಅದನ್ನು ಕಳೆದುಕೊಳ್ಳುವುದು ಎಷ್ಟು ಅವಿವೇಕವೋ, ದುಡಿಯಬಲ್ಲ ಫ್ಲ್ಯಾಷನ್ನು ಗುಜರಿಗೆ ಹಾಕಿ ಹೊಸದಕ್ಕೆ ಮತ್ತೆ ಸಾಲ ಮಾಡುವುದೂ ಅಷ್ಟೇ ಅವಿವೇಕ. ನಿಮ್ಮಲ್ಲಿ ಯಾರ ಮನೆಯ ಕಪಾಟಿನಲ್ಲಾದರೂ ಅಂತಹ ಫ್ಲ್ಯಾಷ್ ಇದ್ದರೆ, ಅಳೆದು ನೋಡಿ, ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಅದರ ಬೆನ್ನಿಗೇ ಅಂಟಿಸಿ, ಕಲಿಯುವ ಹುಡುಗನಿಗೋ ಹುಡುಗಿಗೋ ಕೊಟ್ಟುಬಿಡಿ.

ಇಂತಿ,
ನಿಮ್ಮ ಮಾಸ್ತರ